ಕಿವಿಗೆ ಬೀಳದ ಗಾಲಿಯ ಕೂಗು

ಗಾಲಿ ಮನುಷ್ಯನ ದೊಡ್ಡ ಆವಿಷ್ಕಾರಗಳಲ್ಲಿ ಒಂದು ಎಂಬ ಮಾತನ್ನು ಶಾಲೆಯ ಪಠ್ಯದಿಂದ ಹಿಡಿದು ಸಭೆಯ ಭಾಷಣದವರೆಗೆ ಎಲ್ಲೆಡೆ ಕೇಳುತ್ತೇವೆ. ಆದರೆ ಗಾಲಿ ಎಂದೊಡನೆ ಕಣ್ಣ ಮುಂದೆ ಬರುವುದು ಅದರ ದುಂಡನೆಯ ಸುತ್ತು ಮಾತ್ರ. ದುಂಡಗಿನ ವಸ್ತು ಉರುಳುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಕಷ್ಟ ಇರುವುದು ಅಲ್ಲಲ್ಲ, ನಡುವಿನ ತೂತಿನಲ್ಲಿ. ಗಾಡಿಯ ಭಾರವೆಲ್ಲ ಬಂದು ಕೂರುವುದು ಆ ತೂತಿನೊಳಗಿನ ಅಚ್ಚಿನ ಮೇಲೆ. ತಿರುಗುವ ಗಾಲಿಗೂ ಅದನ್ನು ಹೊತ್ತ ಗಾಡಿಗೂ ಅಲ್ಲಿ ನಡೆಯುವ ತಿಕ್ಕಾಟವನ್ನು ಪಳಗಿಸಲು ಮನುಷ್ಯನಿಗೆ ಐದು ಸಾವಿರ ವರ್ಷ ಬೇಕಾಯಿತು. ಇಷ್ಟಾದರೂ ಅದು ಪೂರ್ತಿ ಸೋತಿಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಹೊರಡುವ ಪ್ರವಾಸಿ ಕೂಡ ವರ್ಷಕ್ಕೊಮ್ಮೆ ನೆಲಕ್ಕೆ ಬಗ್ಗಿ ಕುಳಿತು, ಗಾಲಿ ಬಿಚ್ಚಿ, ಅಂಗೈಗೆ ಗ್ರೀಸು ಮೆತ್ತಿಕೊಳ್ಳಲೇಬೇಕು.

ಇದು ನಮ್ಮ ಗಾಡಿ ಹೊಡೆಯುವವರಿಗೆ ಹೊಸ ವಿಷಯವಲ್ಲ. ಎತ್ತಿನ ಗಾಡಿ ಇದ್ದ ಮನೆಯಲ್ಲಿ ಕೀಲೆಣ್ಣೆ ಇರುತ್ತಿತ್ತು. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಸಿಗುವ ಕಪ್ಪು ಜಿಡ್ಡೇ ಕೀಲೆಣ್ಣೆ. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕುತ್ತಿದ್ದರು. ದೂರದ ಸಂತೆಗೆ ಹೊರಡುವ ಮುನ್ನ ಕಡಾಣಿ ತೆಗೆದು, ಗಾಲಿಯನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿದು ಮತ್ತೆ ಕೂರಿಸುವುದು ವಾಡಿಕೆ. ಮರೆತರೆ ನೆನಪಿಸುವ ಕೆಲಸವನ್ನು ಗಾಲಿಯೇ ಮಾಡುತ್ತಿತ್ತು. ಕಿರ್ರೆಂದು ಕೂಗುವ ಗಾಡಿಯ ಸದ್ದು ಊರಾಚೆಯಿಂದಲೇ ಕೇಳಿಸುತ್ತಿತ್ತು. ಅದು ಎಣ್ಣೆ ಬೇಕೆಂಬ ಗಾಲಿಯ ಬೇಡಿಕೆ. ಗಾಡಿಯ ಮೂಕಿಯ ಮೇಲೆ ಕುಳಿತವನಿಗೂ ಗಾಲಿಗೂ ನಡುವೆ ಇದ್ದ ಅಂತರ ಎರಡು ಮೊಳ. ಕೇಳಿಸದಿರಲು ಸಾಧ್ಯವೇ ಇರಲಿಲ್ಲ.

ಗಾಲಿಯ ಮುಂದಿನ ಚರಿತ್ರೆಯನ್ನು ಈ ಎರಡು ಮೊಳದ ಅಂತರ ಹೇಗೆ ಬೆಳೆಯುತ್ತ ಹೋಯಿತು ಎಂಬ ಚರಿತ್ರೆಯಾಗಿಯೂ ಓದಬಹುದು.

ಟಾರಿನ ಬಕೆಟ್ಟು

2002ರಲ್ಲಿ ಯೂರೋಪಿನ ಸ್ಲೊವೇನಿಯಾ ದೇಶದ ಲ್ಯೂಬ್ಲಿಯಾನಾ ಬಳಿಯ ಜೌಗು ನೆಲದಲ್ಲಿ ಮರದ ಗಾಲಿಯೊಂದು ಸಿಕ್ಕಿತು. ಅದರ ವಯಸ್ಸು ಸುಮಾರು 5,150 ವರ್ಷ. ಅಚ್ಚಿನ ಸಮೇತ ಸಿಕ್ಕಿದ ಅತಿ ಹಳೆಯ ಮರದ ಗಾಲಿಗಳಲ್ಲಿ ಅದೂ ಒಂದು. ಗಾಲಿಯ ತೂತು ಚೌಕವಾಗಿದೆ. ಅಂದರೆ ಗಾಲಿಯೂ ಅಚ್ಚೂ ಒಟ್ಟಿಗೇ ತಿರುಗುತ್ತಿದ್ದವು. ತಿಕ್ಕಾಟ ನಡೆಯುತ್ತಿದ್ದುದು ಅಚ್ಚಿಗೂ ಗಾಡಿಯ ತಳಕ್ಕೂ ನಡುವೆ. ಅಚ್ಚನ್ನು ಬಿಗಿಯಾಗಿ ನಿಲ್ಲಿಸಿ ಗಾಲಿಯನ್ನು ಮಾತ್ರ ತಿರುಗಿಸುವ ಏರ್ಪಾಟಿನಲ್ಲಿ ತಿಕ್ಕಾಟ ಗಾಲಿಯ ಗುಂಬಕ್ಕೆ ವರ್ಗವಾಯಿತೇ ಹೊರತು ಮಾಯವಾಗಲಿಲ್ಲ.

ಮರಕ್ಕೆ ಮರ ಉಜ್ಜಿದರೆ ಬಿಸಿಯಾಗುತ್ತದೆ, ಸವೆಯುತ್ತದೆ, ಕೊನೆಗೆ ಹೊಗೆಯಾಡುತ್ತದೆ. ಇದಕ್ಕೆ ಎಲ್ಲ ನಾಡಿನವರೂ ಕಂಡುಕೊಂಡ ಉಪಾಯ ಒಂದೇ, ನಡುವೆ ಜಿಡ್ಡು ಹಚ್ಚುವುದು. ಜಿಡ್ಡು ಯಾವುದು ಎಂಬುದು ಮಾತ್ರ ಆಯಾ ಊರಿನಲ್ಲಿ ಏನು ಸಿಗುತ್ತದೆ ಎಂಬುದರ ಮೇಲೆ ನಿಂತಿತ್ತು. ನಮ್ಮಲ್ಲಿ ಹರಳೆಣ್ಣೆ, ಶೀತ ದೇಶಗಳಲ್ಲಿ ಪ್ರಾಣಿಯ ಕೊಬ್ಬು ಮತ್ತು ಪೈನ್ ಮರದಿಂದ ಇಳಿಸಿದ ಟಾರು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಕಾನೆಸ್ಟೋಗಾ ಎಂಬ ದೊಡ್ಡ ಸರಕು ಬಂಡಿಗಳು ಓಡಾಡುತ್ತಿದ್ದವು. ಬಿಳಿಯ ಬಟ್ಟೆಯ ಕಮಾನು ಹೊದಿಸಿದ ಆ ಬಂಡಿಗಳ ಹಿಂದಿನ ಅಚ್ಚಿಗೆ ಒಂದು ಬಕೆಟ್ಟು ತೂಗುತ್ತಿತ್ತು. ಅದರೊಳಗೆ ಟಾರು ಮತ್ತು ಹಂದಿಕೊಬ್ಬಿನ ಮಿಶ್ರಣ. ನಮ್ಮ ಬಿದಿರ ಗೊಟ್ಟಕ್ಕೂ ಆ ಬಕೆಟ್ಟಿಗೂ ಸಾಗರದಷ್ಟು ದೂರ. ಆದರೆ ಎರಡರ ಕೆಲಸವೂ ಒಂದೇ, ತೂಗುತ್ತಿದ್ದ ಜಾಗವೂ ಹೆಚ್ಚುಕಡಿಮೆ ಒಂದೇ!

ಜಾರುವುದರ ಬದಲು ಉರುಳುವುದು

ಜಿಡ್ಡು ತಿಕ್ಕಾಟವನ್ನು ತಗ್ಗಿಸಿತು. ಆದರೆ ಲೋಹದ ಮೇಲೆ ಲೋಹ ಜಾರುವುದು ತಪ್ಪಲಿಲ್ಲ. ಜಾರುವುದಕ್ಕಿಂತ ಉರುಳುವುದು ಸುಲಭ ಎಂಬುದು ಭಾರದ ಕಲ್ಲಿನ ಕೆಳಗೆ ಮರದ ದಿಮ್ಮಿ ಹಾಕಿ ತಳ್ಳುವವರಿಗೆ ಮೊದಲೇ ತಿಳಿದಿತ್ತು. ಅದೇ ಉಪಾಯವನ್ನು ಗಾಲಿಯ ಗುಂಬದೊಳಗೆ ತರುವುದು ಹೇಗೆ? ಸುಮಾರು 500 ವರ್ಷದ ಹಿಂದೆ ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುಂಡುಗಳ ಮೇಲೆ ತಿರುಗುವ ಬೇರಿಂಗಿನ ಚಿತ್ರ ಬರೆದಿಟ್ಟ. 1794ರಲ್ಲಿ ವೇಲ್ಸ್ ಪ್ರಾಂತದ ಕಾರ್ಮಾರ್ದನ್ ಊರಿನ ಕಬ್ಬಿಣದ ಎರಕದವನಾದ ಫಿಲಿಪ್ ವಾನ್, ಗಾಡಿಯ ಅಚ್ಚಿನ ಸುತ್ತ ಗುಂಡುಗಳನ್ನು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಗುಂಡಿನ ಬೇರಿಂಗಿಗೆ ದೊರೆತ ಮೊದಲ ಪೇಟೆಂಟ್ ಎಂದು ಅದನ್ನೇ ಹೇಳುತ್ತಾರೆ.

ಯೋಚನೆ ಸರಿಯಾಗಿತ್ತು, ಗುಂಡುಗಳು ಸರಿಯಾಗಿರಲಿಲ್ಲ. ಹತ್ತು ಗುಂಡುಗಳಲ್ಲಿ ಒಂದು ಕೂದಲೆಳೆಯಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಅದು ಒಡೆಯುತ್ತದೆ. ಗುಂಡಿನ ಬೇರಿಂಗಿಗೆ ಮೊದಲು ಬೆಲೆ ತಂದುಕೊಟ್ಟದ್ದು ಸೈಕಲ್ಲು. 1869ರಲ್ಲಿ ಪ್ಯಾರಿಸಿನ ಜೂಲ್ ಸುರಿರೇ ಎಂಬಾತ ಸೈಕಲ್ಲಿನ ಬೇರಿಂಗಿಗೆ ಪೇಟೆಂಟ್ ಪಡೆದ. ಅದೇ ವರ್ಷ ಪ್ಯಾರಿಸಿನಿಂದ ರುವಾನ್ ಊರಿಗೆ ನಡೆದ ಸೈಕಲ್ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದದ್ದು ಅಂಥ ಬೇರಿಂಗಿನ ಸೈಕಲ್ಲಿನಲ್ಲಿ. 1883ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್ ಪಟ್ಟಣದ ಫ್ರೆಡ್‌ರಿಕ್ ಫಿಷರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ ಮೇಲೆ ಬೇರಿಂಗು ಕಾರ್ಖಾನೆಯ ಸರಕಾಯಿತು. ಅರವತ್ತು ವರ್ಷದ ನಂತರ, 1943ರಲ್ಲಿ, ಅದೇ ಪಟ್ಟಣದ ಬೇರಿಂಗು ಕಾರ್ಖಾನೆಗಳ ಮೇಲೆ ಅಮೆರಿಕದ ವಾಯುಪಡೆ ಎರಡು ಬಾರಿ ಬಾಂಬ್ ದಾಳಿ ನಡೆಸಿತು. ಅಕ್ಟೋಬರ್ 14ರ ಎರಡನೆಯ ದಾಳಿಯಲ್ಲಿ ಅಮೆರಿಕ ಕಳೆದುಕೊಂಡ ಬಾಂಬರ್ ವಿಮಾನಗಳೇ 60. ಬೇರಿಂಗು ನಿಂತರೆ ಯುದ್ಧವೇ ನಿಲ್ಲುತ್ತದೆ ಎಂಬುದು ಆ ದಾಳಿಯ ಹಿಂದಿದ್ದ ಲೆಕ್ಕಾಚಾರ.

ಆದರೆ ಗಾಡಿಯ ಗಾಲಿಗೆ ಗುಂಡು ಸಾಲದು. ಗಾಲಿಯ ಮೇಲೆ ಎರಡು ಬಗೆಯ ಭಾರ ಬೀಳುತ್ತದೆ. ಒಂದು, ಮೇಲಿನಿಂದ ಒತ್ತುವ ಭಾರ. ಇನ್ನೊಂದು, ಗಾಡಿ ತಿರುವಿನಲ್ಲಿ ಹೊರಳಿದಾಗ ಪಕ್ಕದಿಂದ ತಳ್ಳುವ ಭಾರ. ಈ ಎರಡನ್ನೂ ಒಟ್ಟಿಗೆ ಹೊರುವ ಉಪಾಯ ಹೊಳೆದದ್ದು ಒಬ್ಬ ಕುದುರೆಗಾಡಿ ತಯಾರಕನಿಗೆ. ಹೆನ್ರಿ ಟಿಮ್ಕೆನ್ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ಸೇಂಟ್ ಲೂಯಿ ನಗರದಲ್ಲಿ ಸಾರೋಟು ತಯಾರಿಸಿ ಹೆಸರು ಮಾಡಿದವ. 1898ರಲ್ಲಿ ಅವನೂ ಅವನ ಸಂಬಂಧಿ ರೆಜಿನಾಲ್ಡ್ ಹೈಂಜಲ್‌ಮನ್‌ನೂ ಸೇರಿ ಒಂದು ಪೇಟೆಂಟ್ ಪಡೆದರು. ಗುಂಡಿನ ಬದಲು ಉಕ್ಕಿನ ಉರುಳೆ. ಆ ಉರುಳೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ. ಅದು ಕೂರುವ ಒಳಬಳೆ, ಹೊರಬಳೆಗಳೂ ಅದೇ ಓರೆಯಲ್ಲಿ. ನಮ್ಮ ಮೆಕ್ಯಾನಿಕ್ಕುಗಳು ‘ಟೇಪರ್ ಬೇರಿಂಗು’ ಎಂದು ಕರೆಯುವುದು ಇದನ್ನೇ. ಓರೆ ಇರುವುದರಿಂದ ಪಕ್ಕದ ತಳ್ಳಾಟವನ್ನೂ ಅದು ತಡೆದುಕೊಳ್ಳುತ್ತದೆ. ಒಂದು ಗಾಲಿಗೆ ಇಂಥ ಎರಡು ಬೇರಿಂಗುಗಳನ್ನು ಎದುರುಬದುರಾಗಿ ಕೂರಿಸಿದರೆ ಎಡಬಲ ಎರಡೂ ಕಡೆಯ ತಳ್ಳಾಟಕ್ಕೆ ಉತ್ತರ ಸಿಕ್ಕಿತು. ಕುದುರೆಗಾಡಿಗೆಂದು ಹುಟ್ಟಿದ ಈ ಸಾಧನ ಕೆಲವೇ ವರ್ಷಗಳಲ್ಲಿ ಮೋಟಾರು ಗಾಡಿಗೆ ಏರಿತು. ಟಿಮ್ಕೆನ್ ಕಂಪನಿ 1901ರಲ್ಲಿ ಒಹಾಯೋ ರಾಜ್ಯದ ಕ್ಯಾಂಟನ್‌ಗೆ ಸ್ಥಳಾಂತರಗೊಂಡಿತು. ಅದೇ ಕಂಪನಿಯ ಭಾರತೀಯ ಶಾಖೆ ಇಂದು ಜಮ್ಷೆಡ್‌ಪುರದಲ್ಲಿ ಕಾರ್ಖಾನೆಯನ್ನೂ ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಧಾನ ಕಚೇರಿಯನ್ನೂ ಹೊಂದಿದೆ.

ಸಾಬೂನಿನೊಳಗಿನ ಎಣ್ಣೆ

ಉರುಳೆ ಬಂತೆಂದು ಜಿಡ್ಡಿನ ಕೆಲಸ ಮುಗಿಯಲಿಲ್ಲ. ಉರುಳೆಗೂ ಬಳೆಗೂ ನಡುವೆ ತೆಳುವಾದ ಎಣ್ಣೆಯ ಪದರ ಇರಲೇಬೇಕು. ಬರೀ ಎಣ್ಣೆ ಹಾಕಿದರೆ ಸೋರಿಹೋಗುತ್ತದೆ. ಅದಕ್ಕೆಂದೇ ಗ್ರೀಸು.

ಗ್ರೀಸು ಎಂದರೆ ದಪ್ಪನೆಯ ಎಣ್ಣೆ ಎಂದು ಅನೇಕರ ತಿಳಿವಳಿಕೆ. ನಿಜಕ್ಕೂ ಅದು ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣೆ. ಸ್ಪಂಜು ನೀರನ್ನು ಹಿಡಿಯುವಂತೆ ಸಾಬೂನಿನ ಸೂಕ್ಷ್ಮ ಎಳೆಗಳು ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ಬಿಟ್ಟುಕೊಡುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಸುಣ್ಣದ ಸಾಬೂನಿನ ಗ್ರೀಸು ನೀರಿಗೆ ಜಗ್ಗುತ್ತಿರಲಿಲ್ಲ, ಆದರೆ ಹೆಚ್ಚು ಬಿಸಿಯಾದರೆ ಕರಗಿ ಹರಿಯುತ್ತಿತ್ತು. ಸೋಡಿಯಂ ಸಾಬೂನಿನ ಗ್ರೀಸು ಬಿಸಿಯನ್ನು ತಡೆಯುತ್ತಿತ್ತು, ನೀರು ಸೋಕಿದರೆ ತೊಳೆದುಹೋಗುತ್ತಿತ್ತು. ಬಿಸಿ ಮತ್ತು ನೀರು ಎರಡನ್ನೂ ತಾಳುವ ಲಿಥಿಯಂ ಗ್ರೀಸಿಗೆ ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಪೇಟೆಂಟ್ ಪಡೆದರು. ಇಂದು ಗಾಲಿಯ ಬೇರಿಂಗಿಗೆ ಹಾಕುವ ಗ್ರೀಸಿನಲ್ಲಿ ಬಹುಪಾಲು ಅದೇ ಕುಲದ್ದು. ಒಂದು ಬಗೆಯ ಸಾಬೂನಿನ ಗ್ರೀಸಿಗೆ ಇನ್ನೊಂದು ಬಗೆಯದನ್ನು ಬೆರೆಸಬಾರದು ಎಂಬ ಎಚ್ಚರಿಕೆಯ ಹಿಂದಿರುವುದೂ ಇದೇ ರಸಾಯನ ಶಾಸ್ತ್ರ. ಹೊಂದಿಕೆಯಾಗದ ಎರಡು ಗ್ರೀಸು ಸೇರಿದರೆ ಎಳೆಗಳ ಹಿಡಿತ ಸಡಿಲವಾಗಿ ಎಣ್ಣೆ ನೀರಾಗಿ ಹರಿದುಬಿಡುತ್ತದೆ.

ಬೆನ್ನಿಗೆ ಕಟ್ಟಿಕೊಂಡ ಮನೆ

ಬೇರಿಂಗು, ಗ್ರೀಸು, ಮೋಟಾರು ಕಾರು ಮೂರೂ ಕೂಡಿಬಂದಾಗ ಅಮೆರಿಕದಲ್ಲಿ ಹೊಸದೊಂದು ಹವ್ಯಾಸ ಹುಟ್ಟಿತು. ಕಾರಿನ ಹಿಂದೆ ಅಡುಗೆಮನೆ, ಮಲಗುವ ಕೋಣೆಗಳಿರುವ ಗಾಡಿಯೊಂದನ್ನು ಸಿಕ್ಕಿಸಿಕೊಂಡು ದೇಶ ಸುತ್ತುವುದು. ಇದಕ್ಕೆ ಅಲ್ಲಿ ಟ್ರಾವೆಲ್ ಟ್ರೈಲರ್ ಎಂದೂ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಎಂದೂ ಹೆಸರು. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥ ಪ್ರವಾಸಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡಿದ್ದರು. 1930ರ ದಶಕದಲ್ಲಿ ವಾಲಿ ಬಯಾಮ್ ಎಂಬಾತ ವಿಮಾನದಂತೆ ಹೊಳೆಯುವ ಅಲ್ಯೂಮಿನಿಯಂ ಮೈಯ ಏರ್‌ಸ್ಟ್ರೀಮ್ ಟ್ರೈಲರ್‌ಗಳನ್ನು ತಯಾರಿಸಿದ. ಅವು ರಸ್ತೆಗೆ ಹೆದರುವವಲ್ಲ ಎಂದು ತೋರಿಸಲು 1959ರಲ್ಲಿ 41 ಟ್ರೈಲರ್‌ಗಳ ದಂಡು ಕಟ್ಟಿಕೊಂಡು ಆಫ್ರಿಕದ ಕೇಪ್‌ಟೌನಿನಿಂದ ಕೈರೋವರೆಗೆ ಹೊರಟ. ಅವನ ಮರಣದ ನಂತರ 1963-64ರಲ್ಲಿ ಇನ್ನೊಂದು ದಂಡು ಸಿಂಗಪುರದಿಂದ ಹೊರಟು, ಭಾರತವೂ ಸೇರಿ ಏಷ್ಯಾದ ದೇಶಗಳನ್ನು ಹಾದು ಪೋರ್ಚುಗಲ್ ತಲುಪಿತು.

ಕಾರಿನ ಗಾಲಿಗಳ ಕತೆ ಮುಂದೆ ಬೇರೆ ದಾರಿ ಹಿಡಿಯಿತು. ಇಂದಿನ ಕಾರುಗಳ ಬೇರಿಂಗು ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಮುಚ್ಚಿದ ಡಬ್ಬಿ. ಕೆಟ್ಟರೆ ಇಡಿಯಾಗಿ ಬದಲಿಸಬೇಕು, ಬಿಚ್ಚಿ ನೋಡುವ ಪ್ರಶ್ನೆಯೇ ಇಲ್ಲ. ಯೂರೋಪಿನ ಹೆಚ್ಚಿನ ಕ್ಯಾರವಾನ್‌ಗಳೂ ಆ ದಾರಿಗೇ ಹೋದವು. ಆದರೆ ಅಮೆರಿಕದ ಟ್ರೈಲರ್‌ಗಳಲ್ಲಿ ಬಹುಪಾಲು ಇಂದಿಗೂ ಓಡುತ್ತಿರುವುದು ಟಿಮ್ಕೆನ್ ಕಾಲದ ಏರ್ಪಾಟಿನ ಮೇಲೆ. ಬಿಚ್ಚಬಹುದಾದ ಎರಡು ಟೇಪರ್ ಬೇರಿಂಗು, ಒಂದು ನಟ್ಟು, ಅದು ಸಡಿಲವಾಗದಂತೆ ಒಂದು ಕಾಟರ್ ಪಿನ್ನು, ಹಿಂಬದಿಯಲ್ಲಿ ಗ್ರೀಸು ಸೋರದಂತೆ ಒಂದು ಸೀಲು. ಭಾರ ಹೊರಲು ಗಟ್ಟಿ, ಬೆಲೆಯಲ್ಲಿ ಅಗ್ಗ, ಎಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತದೆ. ಪ್ರತಿಯಾಗಿ ಅದು ಕೇಳುವುದು ವರ್ಷಕ್ಕೊಂದು ದಿನ. 12 ತಿಂಗಳು ಅಥವಾ 12,000 ಮೈಲಿ, ಅಂದರೆ ಸುಮಾರು 19,000 ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲೋ ಆಗ ಬಿಚ್ಚಿ ಗ್ರೀಸು ತುಂಬಬೇಕು ಎಂಬುದು ಅಲ್ಲಿನ ಅಚ್ಚು ತಯಾರಕರ ಸಾಮಾನ್ಯ ಸೂಚನೆ.

ಓಡದ ಗಾಡಿಗೂ ವರ್ಷಕ್ಕೊಮ್ಮೆ ಗ್ರೀಸು ಏಕೆ ಎಂದು ಓದುಗರು ಕೇಳಬಹುದು. ಕುತೂಹಲದ ಸಂಗತಿಯೆಂದರೆ ಟ್ರೈಲರ್ ಕೆಡುವುದು ಓಡಿಯಷ್ಟೇ ಅಲ್ಲ, ನಿಂತೂ ಹೌದು. ಬೇಸಿಗೆಯಲ್ಲಿ ಕೆಲವು ವಾರ ತಿರುಗಾಡಿ ಉಳಿದ ತಿಂಗಳೆಲ್ಲ ಅಂಗಳದಲ್ಲಿ ನಿಲ್ಲುವ ಗಾಡಿ ಅದು. ನಿಂತಲ್ಲೇ ನಿಂತಾಗ ಗ್ರೀಸು ಕೆಳಕ್ಕಿಳಿಯುತ್ತದೆ, ಮೇಲಿನ ಉರುಳೆಗಳು ಒಣಗುತ್ತವೆ, ತೇವ ಸೇರಿ ತುಕ್ಕಿನ ಚುಕ್ಕೆ ಮೂಡುತ್ತದೆ. ದೋಣಿ ಎಳೆಯುವ ಟ್ರೈಲರಿನ ಪಾಡು ಇನ್ನೂ ಕಷ್ಟ. ದೂರ ಓಡಿ ಬಿಸಿಯಾದ ಗುಂಬವನ್ನು ತಣ್ಣನೆಯ ನೀರಿಗೆ ಇಳಿಸಿದೊಡನೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಅಂಗೈಯ ಕೆಲಸ

ಈ ವಾರ್ಷಿಕ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಗಾಡಿಯನ್ನು ಕಾರಿಗೆ ಸಿಕ್ಕಿಸಿಟ್ಟು, ಎದುರು ಬದಿಯ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕ್ ಏರಿಸಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕಿನ ಭರವಸೆಯಲ್ಲಿ ಕೆಳಗೆ ಕೈ ಹಾಕುವಂತಿಲ್ಲ. ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟರೆ ಮೊದಲ ವರದಿ ಸಿಗುತ್ತದೆ. ಮರಳು ತುಳಿದಂತಹ ಗರಗರ ಸದ್ದು ಬಂದರೆ ಬೇರಿಂಗಿನ ಮೈ ಒರಟಾಗಿದೆ ಎಂದರ್ಥ. ಟೈರನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಸಡಿಲ ಎಷ್ಟಿದೆ ಎಂದು ತಿಳಿಯುತ್ತದೆ.

ಗಾಲಿ ಕಳಚಿ, ಮುಚ್ಚಳ ತೆಗೆದು, ಪಿನ್ನು, ನಟ್ಟು, ವಾಷರು ಬಿಚ್ಚಿದರೆ ಹೊರಗಿನ ಬೇರಿಂಗು ಕೈಗೆ ಬರುತ್ತದೆ. ಗುಂಬವನ್ನು ಎಳೆದು ಹಿಂದಿನ ಸೀಲು ತೆಗೆದರೆ ಒಳಗಿನದೂ ಸಿಗುತ್ತದೆ. ಹಳೆಯ ಗ್ರೀಸನ್ನು ದ್ರಾವಕದಲ್ಲಿ ಪೂರ್ತಿ ತೊಳೆದು ಒಣಗಿಸಬೇಕು. ಗಾಳಿಯ ಪೈಪಿನಿಂದ ಒಣಗಿಸುವಾಗ ಬೇರಿಂಗು ಬುಗುರಿಯಂತೆ ತಿರುಗದಂತೆ ನೋಡಿಕೊಳ್ಳುವುದು ಮುಖ್ಯ. ಜಿಡ್ಡಿಲ್ಲದೆ ವೇಗವಾಗಿ ತಿರುಗಿದರೆ ಅದರ ಮೈ ಕೆಡುತ್ತದೆ, ಉರುಳೆ ಸಿಡಿಯಲೂಬಹುದು. ಬಳಿಕ ಬೆಳಕಿಗೆ ಹಿಡಿದು ನೋಡುವ ಸರದಿ. ಉರುಳೆಯ ಮೇಲೆ ಚುಕ್ಕೆ, ಗೀರು ಕಂಡರೆ ಅದರ ಆಯುಸ್ಸು ಮುಗಿಯಿತು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಒಮ್ಮೆ ಮಿತಿಮೀರಿ ಕಾದಿದೆ. ಬೇರಿಂಗು ಬದಲಿಸುವಾಗ ಹೊರಬಳೆಯನ್ನೂ ಜೊತೆಗೇ ಬದಲಿಸುವುದು ಕ್ರಮ.

ಹೊಸ ಗ್ರೀಸು ತುಂಬುವುದೇ ಕೆಲಸದ ತಿರುಳು. ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬೇರಿಂಗಿನ ದಪ್ಪ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು. ಉರುಳೆಗಳ ಸಂದಿಯಿಂದ ಆಚೆ ಬದಿಗೆ ಗ್ರೀಸು ಹೊರಬರುವವರೆಗೆ ಬಿಡುವಂತಿಲ್ಲ. ಹೊರಮೈಗೆ ಸವರಿದ್ದು ಲೆಕ್ಕಕ್ಕಿಲ್ಲ. ಹಳೆಯ ಸೀಲನ್ನು ಮತ್ತೆ ಹಾಕದೆ ಹೊಸದನ್ನೇ ಕೂರಿಸಬೇಕು. ಕೊನೆಯಲ್ಲಿ ನಟ್ಟು. ಗಾಲಿಯನ್ನು ತಿರುಗಿಸುತ್ತಲೇ ಬಿಗಿದು, ಎಲ್ಲವೂ ಸರಿಯಾಗಿ ಕೂತ ಮೇಲೆ ಸಡಿಲಿಸಿ, ಮತ್ತೆ ಬರೀ ಬೆರಳಿನ ಬಲದಿಂದ ತಿರುಗಿಸಿ ನಿಲ್ಲಿಸಿ, ಹೊಸ ಪಿನ್ನು ಹಾಕುವುದು. ಬಿಗಿ ಹೆಚ್ಚಾದರೆ ಬೇರಿಂಗು ಕಾಯುತ್ತದೆ, ಸಡಿಲ ಹೆಚ್ಚಾದರೆ ಗಾಲಿ ಓಲಾಡುತ್ತದೆ. ತಂಬೂರಿಯ ತಂತಿ ಬಿಗಿಯುವಂತಹ ಹದ ಅದು.

ಬಿಚ್ಚುವ ಕಷ್ಟ ತಪ್ಪಿಸಲು ಅಚ್ಚಿನ ತುದಿಯಲ್ಲಿ ಮೊಳೆಯಂಥ ಬಾಯಿ ಇಟ್ಟು ಗ್ರೀಸ್ ಗನ್ನಿನಿಂದ ತುಂಬುವ ಏರ್ಪಾಟೂ ಈಗ ಇದೆ. ಆದರೆ ಗನ್ನಿಗೆ ಕಣ್ಣಿಲ್ಲ. ಹೆಚ್ಚು ಒತ್ತಿದರೆ ಗ್ರೀಸು ಸೀಲನ್ನು ದಾಟಿ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕಿಂತ ಮಿಗಿಲಾಗಿ, ತುಕ್ಕಿನ ಚುಕ್ಕೆಯನ್ನು ಗನ್ನು ಕಾಣಲಾರದು. ಗ್ರೀಸು ತುಂಬುವ ದಿನ ನಿಜಕ್ಕೂ ತಪಾಸಣೆಯ ದಿನ. ಜಿಡ್ಡು ಅದಕ್ಕೊಂದು ನೆಪ ಅಷ್ಟೆ.

ಏಕಿಷ್ಟು ಜಾಗ್ರತೆ? ನಮ್ಮ ಎತ್ತಿನ ಗಾಡಿಯ ಐದಡಿ ಗಾಲಿ ನಿಮಿಷಕ್ಕೆ ಹತ್ತು ಹನ್ನೊಂದು ಸುತ್ತು ತಿರುಗಿದರೆ ಹೆಚ್ಚು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸಾಗುವ ಟ್ರೈಲರಿನ ಗಾಲಿ ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುತ್ತದೆ. ಸಾವಿರ ಕಿಲೋಮೀಟರಿನ ಒಂದು ಪ್ರವಾಸದಲ್ಲಿ ನಾಲ್ಕೂವರೆ ಲಕ್ಷ ಸುತ್ತು. ಅಷ್ಟರಲ್ಲಿ ಗ್ರೀಸು ಕೈಕೊಟ್ಟರೆ ಎಲ್ಲವೂ ಬೇಗ ನಡೆದುಹೋಗುತ್ತದೆ. ಬೇರಿಂಗು ಕಾಯುತ್ತದೆ, ಉಳಿದ ಗ್ರೀಸು ಕರಗಿ ಸೋರುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ, ಉರುಳೆಗಳ ಪಂಜರ ಒಡೆಯುತ್ತದೆ, ಬಳೆ ಅಚ್ಚಿಗೆ ಬೆಸೆದುಕೊಳ್ಳುತ್ತದೆ, ಕೊನೆಗೆ ಗಾಲಿ ಗಾಡಿಯಿಂದ ಬೇರೆಯಾಗಿ ತನ್ನ ಪಾಡಿಗೆ ತಾನು ರಸ್ತೆಯಲ್ಲಿ ಉರುಳುತ್ತದೆ. ಎದುರು ಬರುವವರ ಗತಿ ಏನು ಎಂದು ಹೇಳಬೇಕಿಲ್ಲ. ಮುಂದಿನ ಕಾರಿನಲ್ಲಿ ಕುಳಿತವನಿಗೆ ಇದಾವುದೂ ಕೇಳಿಸದು. ಕಿಟಕಿ ಮುಚ್ಚಿದೆ, ರೇಡಿಯೊ ಹಾಡುತ್ತಿದೆ, ಗಾಲಿ ಹಲವು ಮಾರು ಹಿಂದಿದೆ. ಓಡುವ ಟ್ರೈಲರಿನೊಳಗೆ ಜನ ಕೂರುವುದನ್ನು ಅಮೆರಿಕದ ಅನೇಕ ರಾಜ್ಯಗಳ ಕಾನೂನು ನಿಷೇಧಿಸಿದೆ. ಆದ್ದರಿಂದ ಅಲ್ಲಿಯೂ ಕೇಳುವವರಿಲ್ಲ. ಅನುಭವಸ್ಥರು ದಾರಿಯಲ್ಲಿ ನಿಂತಾಗಲೆಲ್ಲ ಒಂದೊಂದು ಗುಂಬವನ್ನೂ ಎಚ್ಚರದಿಂದ ಮುಟ್ಟಿ ನೋಡುವುದು ಇದಕ್ಕೇ. ನಾಲ್ಕರಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಗಾಲಿ ಏನೋ ಹೇಳುತ್ತಿದೆ ಎಂದೇ ತಿಳಿಯಬೇಕು.

ಇಪ್ಪತ್ತಮೂರನೆಯ ವ್ಯಾಗನ್

ಎರಡು ಮೊಳದ ಅಂತರ ಹಲವು ಮಾರಾದಾಗ ಹೀಗಾದರೆ, ಅದು ಮೈಲಿಯಾದರೆ? ಇದಕ್ಕೆ ರೈಲಿನ ಚರಿತ್ರೆ ಉತ್ತರ ಹೇಳುತ್ತದೆ.

ಹಿಂದಿನ ಕಾಲದ ಸರಕು ವ್ಯಾಗನ್ನಿನ ಅಚ್ಚಿನ ತುದಿಗೆ ಒಂದು ಪೆಟ್ಟಿಗೆ ಇರುತ್ತಿತ್ತು. ಗ್ಯಾರೇಜುಗಳಲ್ಲಿ ಕೈ ಒರೆಸಲು ಬಳಸುವ ವೇಸ್ಟ್‌ನಂತಹ ಹತ್ತಿ ನೂಲಿನ ಗಂಟನ್ನು ಎಣ್ಣೆಯಲ್ಲಿ ನೆನೆಸಿ ಅದರಲ್ಲಿ ತುರುಕುತ್ತಿದ್ದರು. ಎಣ್ಣೆ ಬತ್ತಿದರೆ ಅಚ್ಚು ಕಾದು ನೂಲಿಗೆ ಬೆಂಕಿ ಹತ್ತುತ್ತಿತ್ತು. ಅಮೆರಿಕದವರು ಇದನ್ನು ‘ಹಾಟ್ ಬಾಕ್ಸ್’ ಎಂದರು, ನಮ್ಮ ರೈಲ್ವೆಯಲ್ಲಿ ‘ಹಾಟ್ ಆಕ್ಸಲ್’ ಎನ್ನುತ್ತಾರೆ. ಅಮೆರಿಕದ ಸರಕು ರೈಲಿನ ಕೊನೆಯಲ್ಲಿ ಕ್ಯಾಬೂಸ್ ಎಂಬ ಡಬ್ಬಿ ಇರುತ್ತಿತ್ತು. ಅದರ ಮೇಲ್ಭಾಗದ ಗೂಡಿನಂಥ ಕಿಟಕಿಯಲ್ಲಿ ಕುಳಿತ ಸಿಬ್ಬಂದಿ ತಿರುವುಗಳಲ್ಲಿ ಇಡೀ ರೈಲಿನ ಮೇಲೆ ಕಣ್ಣು ಹಾಯಿಸಿ ಎಲ್ಲಾದರೂ ಹೊಗೆ ಏಳುತ್ತಿದೆಯೇ ಎಂದು ನೋಡುತ್ತಿದ್ದರು. ನಮ್ಮಲ್ಲಿ ರೈಲು ನಿಲ್ಲದೆ ಹಾದುಹೋಗುವಾಗ ನಿಲ್ದಾಣದ ಸಿಬ್ಬಂದಿ ಬಾವುಟ ಹಿಡಿದು ನಿಲ್ಲುವುದನ್ನು ಪ್ರಯಾಣಿಕರೆಲ್ಲ ನೋಡಿರುತ್ತಾರೆ. ಅದು ಬರೀ ಹಸಿರು ನಿಶಾನೆಯ ಉಪಚಾರವಲ್ಲ. ಹೊಗೆ, ಕಿಡಿ, ಜೋಲುವ ಭಾಗ ಏನಾದರೂ ಇದೆಯೇ ಎಂದು ಹಾದುಹೋಗುವ ಗಾಲಿಗಳನ್ನು ನೋಡುವುದೂ ಅವರ ಕೆಲಸ.

1930ರಲ್ಲಿ ಟಿಮ್ಕೆನ್ ಕಂಪನಿ ಎಲ್ಲ ಅಚ್ಚುಗಳಿಗೂ ತನ್ನ ಬೇರಿಂಗು ತೊಡಿಸಿದ ಉಗಿಬಂಡಿಯೊಂದನ್ನು ಮಾಡಿಸಿ ದೇಶವೆಲ್ಲ ಓಡಿಸಿತು. ಅದರ ಸಂಖ್ಯೆ 1111, ಜನ ಇಟ್ಟ ಹೆಸರು ‘ಫೋರ್ ಏಸಸ್’. ಆ ಭಾರದ ಯಂತ್ರವನ್ನು ಕೆಲವೇ ಜನ ಹಗ್ಗ ಹಿಡಿದು ಎಳೆದು ತೋರಿಸಿದರು. ನಂತರದ ದಶಕಗಳಲ್ಲಿ ನೂಲಿನ ಪೆಟ್ಟಿಗೆ ಹೋಗಿ ಮುಚ್ಚಿದ ಉರುಳೆ ಬೇರಿಂಗು ಬಂತು. ಬೆಂಕಿ ಅಪರೂಪವಾಯಿತು. ಹಳಿಯ ಪಕ್ಕದಲ್ಲಿ ನಿಂತು, ಹಾದುಹೋಗುವ ಗಾಲಿಗಳ ಬಿಸಿಯನ್ನು ಅಳೆಯುವ ಯಂತ್ರಗಳೂ ಬಂದವು. ಇವೆಲ್ಲ ಇರುವಾಗ ನೋಡುವ ಮನುಷ್ಯ ಏಕೆ ಎಂಬ ಪ್ರಶ್ನೆ ಎದ್ದದ್ದು ಸಹಜ. 1980ರ ದಶಕದಲ್ಲಿ ಕ್ಯಾಬೂಸ್ ಕಣ್ಮರೆಯಾಗತೊಡಗಿತು.

2023ರ ಫೆಬ್ರುವರಿ 3ರ ರಾತ್ರಿ ನಾರ್ಫೋಕ್ ಸದರ್ನ್ ಕಂಪನಿಯ ಸುಮಾರು 150 ವ್ಯಾಗನ್‌ಗಳ ಸರಕು ರೈಲೊಂದು ಒಹಾಯೋ ರಾಜ್ಯದಲ್ಲಿ ಸಾಗುತ್ತಿತ್ತು. ಅದರ ಇಪ್ಪತ್ತಮೂರನೆಯ ವ್ಯಾಗನ್ನಿನ ಒಂದು ಬೇರಿಂಗು ಕೆಡತೊಡಗಿತ್ತು. ಮೊದಲ ಯಂತ್ರವನ್ನು ದಾಟಿದಾಗ ಅದರ ಬಿಸಿ ಸುತ್ತಲಿನ ಗಾಳಿಗಿಂತ 38 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚಿತ್ತು. ಸುಮಾರು 11 ಮೈಲಿ ಮುಂದೆ ಎರಡನೆಯ ಯಂತ್ರದಲ್ಲಿ ಅದು 103 ಡಿಗ್ರಿ. ಎಚ್ಚರಿಕೆ ಕೊಡಲು ಕಂಪನಿ ಇಟ್ಟಿದ್ದ ಗೆರೆ 170 ಡಿಗ್ರಿ. ಆದ್ದರಿಂದ ಯಂತ್ರ ರೈಲಿನ ಸಿಬ್ಬಂದಿಗೆ ಏನನ್ನೂ ಹೇಳಲಿಲ್ಲ. ಮೂರನೆಯ ಯಂತ್ರ ಇದ್ದುದು ಮತ್ತೆ 19 ಮೈಲಿ ಆಚೆ, ಈಸ್ಟ್ ಪ್ಯಾಲೆಸ್ಟೈನ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿ ಸಿಕ್ಕ ಲೆಕ್ಕ 253 ಡಿಗ್ರಿ. ಚಾಲಕ ಬ್ರೇಕು ಹಾಕುವಷ್ಟರಲ್ಲಿ ಕಾಲ ಮಿಂಚಿತ್ತು. 38 ವ್ಯಾಗನ್‌ಗಳು ಹಳಿ ತಪ್ಪಿದವು. ಅವುಗಳಲ್ಲಿ 11ರಲ್ಲಿ ಅಪಾಯಕಾರಿ ವಸ್ತುಗಳಿದ್ದವು. ಮೂರು ದಿನದ ಬಳಿಕ ಐದು ಟ್ಯಾಂಕರ್‌ಗಳಲ್ಲಿದ್ದ ವಿನೈಲ್ ಕ್ಲೋರೈಡನ್ನು ಉದ್ದೇಶಪೂರ್ವಕವಾಗಿ ಹೊರಬಿಟ್ಟು ಸುಡಲಾಯಿತು. ಸುಮಾರು ಎರಡು ಸಾವಿರ ಜನ ಮನೆ ಬಿಟ್ಟು ಹೋಗಬೇಕಾಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರಲ್ಲಿ ತನಿಖೆ ಮುಗಿಸಿ, ಅವಘಡದ ಮೂಲ ಆ ಒಂದು ಬೇರಿಂಗು ಎಂದು ಹೇಳಿತು. ಆ ಸುಡುವಿಕೆಯ ಅಗತ್ಯವೇ ಇರಲಿಲ್ಲ ಎಂದೂ ಹೇಳಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಬೇರಿಂಗು ಸುಮ್ಮನಿರಲಿಲ್ಲ. ಮೂವತ್ತು ಮೈಲಿ ಉದ್ದಕ್ಕೂ ಅದು ಕೂಗುತ್ತಲೇ ಇತ್ತು. ಕೇಳುವ ಕಿವಿಗಳು ಮಾತ್ರ ಹತ್ತು, ಇಪ್ಪತ್ತು ಮೈಲಿಗೊಂದರಂತೆ ಇದ್ದವು, ಕೇಳಿದ್ದನ್ನು ಗೆರೆ ದಾಟದ ಹೊರತು ಹೇಳುತ್ತಿರಲಿಲ್ಲ.

ಕಬ್ಬಿನ ಹಂಗಾಮು

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿಯನ್ನು ಅಧ್ಯಯನದ ವಿಷಯವಾಗಿ ಎತ್ತಿಕೊಂಡಾಗ ಹಲವರಿಗೆ ಅಚ್ಚರಿಯಾಗಿತ್ತು. ಗಾಡಿಯನ್ನು ಹಗುರ ಮಾಡಬೇಕು, ನೊಗವನ್ನು ಸುಧಾರಿಸಬೇಕು, ಗಾಲಿಗೆ ಒಳ್ಳೆಯ ಬೇರಿಂಗು ಕೊಡಬೇಕು, ಆಗ ಎತ್ತಿನ ಕೊರಳಿನ ಮೇಲಿನ ಹೊರೆ ತಗ್ಗುತ್ತದೆ ಎಂಬುದು ಅವರ ವಾದ. ಅಷ್ಟರಲ್ಲಿ ನಮ್ಮ ಹಳ್ಳಿಗಳಿಗೆ ಟೈರುಗಾಡಿ ಬಂದಿತ್ತು. ಕಬ್ಬಿಣದ ಪಟ್ಟಾ ಹೋಗಿ ರಬ್ಬರು, ಕೀಲೆಣ್ಣೆ ಹೋಗಿ ಬೇರಿಂಗು. ಅದರ ಬೆನ್ನಿಗೆ ಟ್ರ್ಯಾಕ್ಟರೂ ಅದರ ಟ್ರೈಲರೂ ಬಂದವು.

ಇಂದು ಮಂಡ್ಯದಿಂದ ಬೆಳಗಾವಿವರೆಗೆ ಕಬ್ಬಿನ ಹಂಗಾಮಿನಲ್ಲಿ ಬೆಟ್ಟದಂತೆ ಕಬ್ಬು ಹೇರಿದ ಟ್ರೈಲರುಗಳು ಒಂದರ ಹಿಂದೊಂದು ಸಕ್ಕರೆ ಕಾರ್ಖಾನೆಯತ್ತ ಸಾಗುತ್ತವೆ. ಕೆಲವೊಮ್ಮೆ ಒಂದೇ ಟ್ರ್ಯಾಕ್ಟರಿಗೆ ಎರಡು. ಅವುಗಳ ಗುಂಬದೊಳಗೆ ಕೆಲಸ ಮಾಡುವುದೂ 1898ರಲ್ಲಿ ಹುಟ್ಟಿದ ಅದೇ ಬಗೆಯ ಓರೆ ಉರುಳೆ. ಅಮೆರಿಕದ ಪ್ರವಾಸಿ ಟ್ರೈಲರಿಗೂ ನಮ್ಮ ಕಬ್ಬಿನ ಟ್ರೈಲರಿಗೂ ವೇಗದಲ್ಲಿ, ವೈಭವದಲ್ಲಿ ಹೋಲಿಕೆ ಇಲ್ಲ. ಆದರೆ ಮೂರು ವಿಷಯದಲ್ಲಿ ಅವು ಅಣ್ಣತಮ್ಮಂದಿರು. ಎರಡೂ ವರ್ಷದ ಕೆಲವು ತಿಂಗಳು ದುಡಿದು ಉಳಿದ ತಿಂಗಳು ಮಳೆ ಬಿಸಿಲಿಗೆ ನಿಲ್ಲುತ್ತವೆ. ಎರಡರಲ್ಲೂ ಎಂಜಿನ್ ಇಲ್ಲದ್ದರಿಂದ ಅದು ಕೆಡುವ ವಸ್ತುವೆಂದೇ ಯಜಮಾನನಿಗೆ ಅನ್ನಿಸುವುದಿಲ್ಲ. ಎಣ್ಣೆ, ಸರ್ವಿಸು ಎಲ್ಲ ಮುಂದಿನ ಗಾಡಿಗೆ. ಎರಡರ ಗಾಲಿಯ ಸದ್ದೂ ಓಡಿಸುವವನ ಕಿವಿಗೆ ಬೀಳುವುದಿಲ್ಲ. ಟ್ರ್ಯಾಕ್ಟರಿನ ಆರ್ಭಟದಲ್ಲಿ ಅದು ಹೇಗೆ ತಾನೇ ಕೇಳಿಸೀತು?

ಗಾಲಿಯನ್ನು ಮನುಷ್ಯ ಉತ್ತಮಪಡಿಸುತ್ತ ಹೋದಂತೆಲ್ಲ ಅದು ಹೆಚ್ಚು ಮೌನವಾಯಿತು. ಮೌನವಾದದ್ದನ್ನು ಕ್ಷೇಮವಾಗಿದೆ ಎಂದು ನಾವು ತಿಳಿದೆವು. ಗಾಡಿ ಹೊಡೆಯುವವನಿಗೆ ಪಂಚಾಂಗ ಬೇಕಿರಲಿಲ್ಲ. ಕಿರ್ರೆಂಬ ಸದ್ದೇ ಸಾಕಿತ್ತು. ಸದ್ದು ಕೇಳಿಸದ ಗಾಡಿಗೆ ಮಾತ್ರ ಗೋಡೆಯ ಮೇಲಿನ ಕ್ಯಾಲೆಂಡರೇ ಕಿವಿ. ಹಂಗಾಮು ಶುರುವಾಗುವ ಮುನ್ನ ಒಂದು ದಿನ ಗುರುತು ಹಾಕಿಕೊಂಡು, ಗಾಲಿ ಬಿಚ್ಚಿ, ತೊಳೆದು, ನೋಡಿ, ಅಂಗೈ ತುಂಬ ಗ್ರೀಸು ಹಿಡಿದು ತುಂಬಿದರೆ ಖರ್ಚಾಗುವುದು ಒಂದು ಡಬ್ಬಿ ಗ್ರೀಸು, ನಾಲ್ಕು ಸೀಲು, ನಾಲ್ಕು ಪಿನ್ನು. ಉಳಿಯುವುದು ಏನು ಎಂಬುದನ್ನು ರಾತ್ರಿಯ ರಸ್ತೆಯಲ್ಲಿ ಎದುರು ಬರುವವರು ಹೇಳಬೇಕು.